ಹೊಳೆಗೆ ಬೀಳ್ಕೊಡುಗೆ

ನಮ್ಮೂರಿಗೆ ಹೆಸರಿಲ್ಲವೆಂದಲ್ಲ. ಹೇಳಿದರೆ ನೀವು ನಾಳೆಯೇ ಚೀಲ ಹೆಗಲಿಗೇರಿಸಿಕೊಂಡು ಹೊಳೆ ನೋಡಲು ಬಂದುಬಿಡುತ್ತೀರಿ, ಬಂದವರಿಗೆಲ್ಲ ಚಹಾ ಮಾಡುವವಳು ನಾನೇ. ಹಾಗಾಗಿ ಹೆಸರು ಬೇಡ. ನಮ್ಮದು ಕೆಳಗಿನ ಊರು, ಗುಡ್ಡದ ಬುಡದಲ್ಲಿರುವುದು ಮೇಲಿನ ಊರು, ನಡುವೆ ಅರ್ಧ ದಿನದ ನಡಿಗೆ ಮತ್ತು ಒಂದು ಹೊಳೆ. ಇಷ್ಟು ತಿಳಿದರೆ ಸಾಕು. ಮೇಲಿನ ಊರು ಹೊಳೆಯ ತವರು, ನಮ್ಮದು ಅವಳ ಗಂಡನ ಮನೆ. ಪಂಚಮಿ ಹತ್ತಿರ ಬಂತೆಂದರೆ ಎಲ್ಲ ಹೆಣ್ಣುಮಕ್ಕಳ ಹಾಗೆ ನಮ್ಮ ಹೊಳೆಯೂ ತವರಿಗೆ ಹೊರಡುತ್ತಾಳೆ. ನೀರು ತಿರುಗಿ ನಿಂತು ಗುಡ್ಡದ ಕಡೆ ಏರತೊಡಗುತ್ತದೆ. ಮೀನುಗಳೂ ಜೊತೆಗೆ ಹೋಗುತ್ತವೆ, ಮಕ್ಕಳನ್ನು ಬಿಟ್ಟು ಯಾರಾದರೂ ತವರಿಗೆ ಹೋಗುತ್ತಾರೆಯೇ? ಹಬ್ಬ ಮುಗಿಸಿ, ಉಂಡಿ ತಿಂದು, ಮೈಕೈ ತುಂಬಿಕೊಂಡು ಮತ್ತೆ ಇಳಿದು ಬರುತ್ತಾಳೆ.

ಆ ದಿನಗಳಿಗೆಂದು ನಾವು ಹಂಡೆ, ಕೊಡ, ಹರವಿ, ಮದುವೆಯ ದೊಡ್ಡ ಪಾತ್ರೆಗಳನ್ನೆಲ್ಲ ತುಂಬಿಟ್ಟುಕೊಳ್ಳುತ್ತೇವೆ. ಬಟ್ಟೆ ಒಗೆಯುವುದಿಲ್ಲ, ದಿನಾ ಹೊಸ ಸೀರೆ ಉಡುವುದಕ್ಕೆ ಅದೇ ಒಳ್ಳೆಯ ನೆಪ. ಗಂಡಸರು ಬರಿದಾದ ಹೊಳೆಯೊಳಗೆ ತಲೆ ತಗ್ಗಿಸಿ ಓಡಾಡುತ್ತ, ವರ್ಷವಿಡೀ ಕಳೆದುಹೋದದ್ದನ್ನೆಲ್ಲ ಹುಡುಕುತ್ತಾರೆ. ಒಮ್ಮೆ ನಿಂಗನಗೌಡರ ಹಲ್ಲಿನ ಸೆಟ್ಟು ಸಿಕ್ಕಿತ್ತು. ಅದು ತಮ್ಮದಲ್ಲವೆಂದು ಅವರು ಬಾಯಿಗೆ ಟವೆಲು ಅಡ್ಡ ಹಿಡಿದುಕೊಂಡೇ ವಾದಿಸಿದರು.

ಹೀಗಿರುವುದರಿಂದ ಎರಡೂ ಊರಿನವರು ಒಬ್ಬರಿಗೊಬ್ಬರು ಬೀಗರು. ಸರ್ಕಾರದವರು ಬಂದು, ಒಂದೇ ಹೊಳೆಯ ನೀರುಣ್ಣುವವರು ಕೂಡಿ ನಡೆಯಬೇಕೆಂದು ಹೇಳಿ ಜಲಾನಯನ ಸಮಿತಿ ಮಾಡಿಕೊಟ್ಟು ಹೋದರು. ನಾವು ಅದನ್ನು ಬೀಗರ ಸಭೆ ಅನ್ನುತ್ತೇವೆ, ಯಾಕೆಂದರೆ ಅಲ್ಲಿ ನಡೆಯುವುದು ಅದೇ. ಮುನಿಸು, ಚುಚ್ಚುಮಾತು, ಚಹಾ ತಣ್ಣಗಿತ್ತೆಂಬ ದೂರು.

ನಾನು ಫಕ್ಕೀರವ್ವ. ಹೊಳೆಯ ತವರೇ ನನ್ನ ತವರು. ಸಭೆಯಲ್ಲಿ ಮೇಲಿನ ಊರಿನ ಪರವಾಗಿ ಮಾತಾಡುವವನು ನನ್ನ ಅಣ್ಣ ಬಾಳಪ್ಪ, ಕೆಳಗಿನವರ ಪರವಾಗಿ ಮಾತಾಡುವವರು ನನ್ನ ಗಂಡ ಅಡಿವೆಪ್ಪ, ಗೊಬ್ಬರದ ಅಂಗಡಿಯವರು. ಒಂದು ವರ್ಷ ಇವರಿಬ್ಬರೂ ಗುಡ್ಡದ ಕೆಳಗೆ ಕಟ್ಟುವ ಒಡ್ಡು ಎಷ್ಟು ಎತ್ತರವಿರಬೇಕೆಂಬ ಮಾತಿನ ಮೇಲೆ ಜಗಳ ಹಚ್ಚಿಕೊಂಡರು. ಅಣ್ಣ ಎದ್ದು ನಿಂತು, “ಈ ಊರಾಗ ನಾ ಇನ್ನ ಕಾಲಿಡೂದಿಲ್ಲ,” ಅಂದ. ಅಂದಂತೆಯೇ ನಡೆದುಕೊಂಡ. ಪಂಚಮಿಗೆ ಕರೆಯಲು ಅಣ್ಣ ಬರಬೇಕು, ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಆಮೇಲೆ ನಾನು ದಾರಿ ನೋಡುವುದನ್ನೇ ಬಿಟ್ಟೆ. ಒಡ್ಡು ಅವರು ಕಟ್ಟಲಿಲ್ಲ, ಇವರು ಕಟ್ಟಗೊಡಲಿಲ್ಲ, ನಡುವೆ ನನ್ನ ತವರು ಹೋಯಿತು. ಪ್ರತಿವರ್ಷ ಹೊಳೆ ನನ್ನ ಮನೆಯ ಮುಂದಿನಿಂದಲೇ ನನ್ನ ತವರಿಗೆ ಹೋಗುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕರೆಯದೆ ಹೋಗುವವಳು ನಾನಲ್ಲ.

ಈ ವರ್ಷ ನಮ್ಮವರು ಸಮಿತಿಯ ಅಧ್ಯಕ್ಷರಾದರು. ಅಲ್ಲಿಂದ ಶುರುವಾಯಿತು ನೋಡಿ.

ಹೊಳೆಯನ್ನು ಕಳಿಸಿಕೊಡುವ ಕೆಲಸ ಮೊದಲಿನಿಂದಲೂ ಸಾವಂತ್ರೆವ್ವನದು. ಊರಿಗೇ ಹಿರಿಯಳು, ಬೊಚ್ಚುಬಾಯಿ, ಕೈ ಮಾತ್ರ ಇಕ್ಕಳ. ಮೊಣಕಾಲುದ್ದ ನೀರಿಗಿಳಿದು, ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಖಣ ಹಾಕಿ ಉಡಿ ತುಂಬಿ, “ಹೋಗಿ ಬಾರವ್ವಾ ತಾಯಿ,” ಅನ್ನುತ್ತಾಳೆ. ಮುಗಿಯಿತು. ನಮ್ಮವರಿಗೆ ಇದು ಏನೇನೂ ಸಾಲದು. “ಒಂದು ಸ್ವಾಗತ ಭಾಷಣ ಇಲ್ಲ, ವಂದನಾರ್ಪಣೆ ಇಲ್ಲ, ಇದೆಂಥಾ ಕಾರ್ಯಕ್ರಮ?” ಅಂದರು. ಹೊಳೆದಂಡೆಗೆ ಪೆಂಡಾಲು ಬಂತು, ಮೈಕು ಬಂತು, ಬ್ಯಾನರು ಬಂತು. ಬ್ಯಾನರು ಬರೆದವನು ಹಿಂದಿನ ವಾರವಷ್ಟೇ ಶಾಲೆಯ ಹೆಡ್‌ಮಾಸ್ತರರ ನಿವೃತ್ತಿಗೆ ಬರೆದಿದ್ದ, ಕೈ ಅದೇ ದಾರಿ ಹಿಡಿದಿತ್ತು. ‘ಮಾನ್ಯ ಹೊಳೆಯವರಿಗೆ ಹೃತ್ಪೂರ್ವಕ ಬೀಳ್ಕೊಡುಗೆ ಸಮಾರಂಭ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ನಮ್ಮವರು ಅದನ್ನೋದಿ ಬಹಳ ಖುಷಿಪಟ್ಟರು. ಭಾಷಣವನ್ನೂ ಅದೇ ಧಾಟಿಯಲ್ಲಿ ತಯಾರು ಮಾಡಿದರು.

ನೀರಿಗೆ ಹಾರ ಹಾಕಿದರು. ಶಾಲು ಹೊದಿಸಿದರು, ಶಾಲು ಸ್ವಲ್ಪ ದೂರ ತೇಲಿ ಬಂಡೆಗೆ ಸಿಕ್ಕಿಕೊಂಡಿತು. ಹಣ್ಣಿನ ಬುಟ್ಟಿ ಬಿಟ್ಟರು. ಆಮೇಲೆ ನಮ್ಮವರು ಮೈಕಿಗೆ ಎರಡು ಸಲ ಊದಿ ಶುರುಮಾಡಿದರು. “ಇಷ್ಟು ವರ್ಷಗಳ ಕಾಲ ನಮ್ಮೂರಿಗೆ ನಿಸ್ವಾರ್ಥ ಸೇವೆ ಸಲ್ಲಿಸಿದ ಮಾನ್ಯ ಹೊಳೆಯವರ ಮುಂದಿನ ಜೀವನವು ಸುಖಶಾಂತಿಯಿಂದ ಕೂಡಿರಲೆಂದು ಹಾರೈಸುತ್ತಾ, ಅವರು ಇನ್ನು ತೆರಳಬಹುದೆಂದು ಈ ಮೂಲಕ ತಿಳಿಸಬಯಸುತ್ತೇನೆ.” ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಧ್ಯಕ್ಷರ ಹೆಂಡತಿ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ.

ಸಾವಂತ್ರೆವ್ವ ಉಡಿಯ ಸಾಮಾನು ಸೆರಗಿನಲ್ಲಿ ಹಿಡಿದುಕೊಂಡು ಕುರ್ಚಿಗಳ ಸಂದಿಯಲ್ಲಿ ತೂರಿ ಬರುವಷ್ಟರಲ್ಲಿ ಹೊಳೆ ಹೊರಟೇಬಿಟ್ಟಿದ್ದಳು. ಬೇರೆ ವರ್ಷ ಆ ಮೆಟ್ಟಿಲಿಗೆ ಒಮ್ಮೆ ತಾಗಿ, ಈ ಕಲ್ಲಿಗೆ ಒಮ್ಮೆ ತಾಗಿ ತಡಮಾಡಿ ಹೋಗುವವಳು, ಈ ಸಲ ಅತ್ತಿತ್ತ ನೋಡದೆ ನೆಟ್ಟಗೆ ನಡೆದಳು. ಸಾವಂತ್ರೆವ್ವ ಹಸಿ ಉಸುಕಿನ ಮೇಲೆ ಕೂತುಬಿಟ್ಟಳು.

“ಯಪ್ಪಾ ಅಡಿವೆಪ್ಪಾ, ಸೊಸಿನ್ನ ತವರಿಗೆ ಕಳಿಸೀನಿ ಅಂತ ತಿಳಿಬ್ಯಾಡ. ನೀ ಆಕಿನ್ನ ಬಿಟ್ಟ ಕಳಿಸಿದಿ!”

“ಏ ಆಯಿ, ಅದು ಸಭಾ ಮರ್ಯಾದಿ ಮಾತು. ನಿನಗ ತಿಳಿಯೂದಿಲ್ಲ,” ಅಂದರು ನಮ್ಮವರು.

ಆಯಿಗೆ ತಿಳಿಯಲಿಲ್ಲವೋ ಏನೋ, ಹೊಳೆಗೆ ಮಾತ್ರ ಚೆನ್ನಾಗಿ ತಿಳಿದಿತ್ತು. ಪಂಚಮಿ ಮುಗಿಯಿತು, ಡಬ್ಬಿಯ ಶೇಂಗಾ ಉಂಡಿ ಮುಗಿದವು, ಹೊಳೆ ಬರಲಿಲ್ಲ. ಹಂಡೆಗಳು ತಳ ಕಂಡವು. ಉಳ್ಳಾಗಡ್ಡಿಯ ಸಸಿಗಳು ಮಡಿಯಲ್ಲೇ ಬಾಡತೊಡಗಿದವು. ಆ ಸಸಿ ಹೋದರೆ ನಮ್ಮೂರಿನ ವರ್ಷದ ಅನ್ನವೇ ಹೋದಂತೆ, ಬೇರೆ ಬೆಳೆ ನಮ್ಮ ನೆಲಕ್ಕೆ ಒಗ್ಗುವುದಿಲ್ಲ. ಕೆಲವರು ಆಗಲೇ ಗಂಟುಮೂಟೆ ಕಟ್ಟುವ ಮಾತಾಡುತ್ತಿದ್ದರು. ದಿನಾ ಬೆಳಗಾದರೆ ನಮ್ಮ ಬಾಗಿಲ ಮುಂದೆ ಜನ. ಬೈಯುವವರು ಬೈದರು, ಅಳುವವರು ಅತ್ತರು. ನಮ್ಮವರು ಒಳಗೆ ಕೂತು ಒಂದು ಠರಾವು ಬರೆದರು: ‘ಹೊಳೆಯವರು ಕೂಡಲೇ ಕರ್ತವ್ಯಕ್ಕೆ ಮರಳಿ ಹಾಜರಾಗತಕ್ಕದ್ದು.’ ಅದನ್ನು ಮೈಕಿನಲ್ಲಿ ಗುಡ್ಡದ ಕಡೆ ಮುಖ ಮಾಡಿ ಓದಿದರು. ಗುಡ್ಡದ ಕಡೆಯಿಂದ ಒಂದಿಷ್ಟು ಧೂಳು ಬಂತು. ಆಮೇಲೆ ಬಾಜಾ ಬಾರಿಸಿಕೊಂಡು ನಾಲ್ಕು ಹಿರಿಯರು ಕರೆಯಲು ಹೋದರು. ಮೇಲಿನ ಊರಿನವರು ಮಜ್ಜಿಗೆ ಕೊಟ್ಟು, “ನೀವ ನಿವೃತ್ತಿ ಕೊಟ್ಟ ಕಳಿಸೀರಂತಲ್ಲ, ಈಗೇನ ಬಂದ್ರಿ?” ಅಂತ ಕೇಳಿ ತಿರುಗಿ ಕಳಿಸಿದರು.

ಆಗ ಸಾವಂತ್ರೆವ್ವ ನನ್ನ ಕಡೆ ತಿರುಗಿದಳು. “ಫಕ್ಕೀರವ್ವಾ, ನೀ ಹೋಗ. ಆಕಿ ತವರಂದ್ರ ನಿನ್ನ ತವರ.”

“ಕರೀದ ನಾ ಹೋಗೂದಿಲ್ಲ ಆಯಿ.”

“ಮಗಳಾಗಿ ಹೋಗಂತ ಯಾರಂದ್ರ? ಬೀಗ್ತಿ ಆಗಿ ಹೋಗ. ಬೀಗರನ್ನ ಯಾರ ಕರಿತಾರ, ತಾವ ಬರ್ತಾರ.”

ಮಾತಿಗೆ ನಾನು ಸ್ವಲ್ಪ ಹೊತ್ತು ಬಿಗುಮಾನ ತೋರಿಸಿದೆ. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿದೆ, ಅಷ್ಟು ಬೇಗ ನಾನು ಯಾವತ್ತೂ ಸೀರೆ ಉಟ್ಟವಳಲ್ಲ.

ಒಣಗಿದ ಹೊಳೆಯೊಳಗೇ ನಡೆದು ಮಧ್ಯಾಹ್ನಕ್ಕೆ ಮೇಲಿನ ಊರು ಮುಟ್ಟಿದೆ. ಊರು ಎಲ್ಲಿದೆ? ಎಲ್ಲ ಕಡೆ ಹೊಳೆಯೇ ಇದ್ದಳು. ಓಣಿಯಲ್ಲಿ ಮೊಣಕಾಲುದ್ದ ನೀರು, ಶಾಲೆಯಲ್ಲಿ ಮೀನು, ಮಾಳಿಗೆಯ ಮೇಲೆ ಕೋಳಿಗಳು. ಜನರೆಲ್ಲ ನಗುಮುಖದಲ್ಲಿದ್ದರು, ತವರಿಗೆ ಬಂದ ಮಗಳನ್ನು ಭಾರವೆಂದು ಬಾಯಿಬಿಟ್ಟು ಹೇಳುವವರು ಯಾರು? ಆದರೆ ನನ್ನ ಅತ್ತಿಗೆ ಕಲ್ಲವ್ವನ ಮುಖ ನನಗೆ ಗೊತ್ತು. ಎತ್ತಿನ ಗಾಡಿಯ ಮೇಲೆ ಒಲೆ ಹೂಡಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ಒಂದೊಂದು ರೊಟ್ಟಿಗೂ ಬೀಳುತ್ತಿದ್ದ ಪೆಟ್ಟು ಓಣಿಯ ತುದಿಗೆ ಕೇಳುತ್ತಿತ್ತು. ನನ್ನನ್ನು ಕಂಡವಳೇ ಇಳಿದು ಬಂದು ಚಂಬು ಚಾಚಿದಳು.

“ಬರ್ರಿ ಬೀಗ್ತ್ಯಾರ, ಕಾಲಿಗೆ ನೀರ ತಗೋರಿ.”

ಮೊಣಕಾಲುದ್ದ ನೀರಿನಲ್ಲಿ ನಿಂತವಳು ನಾನು. ಆದರೂ ಮರ್ಯಾದೆ ಮರ್ಯಾದೆಯೇ. ಚಂಬಿನ ನೀರನ್ನು ಆ ನೀರಿನ ಮೇಲೆಯೇ ಸುರಿದುಕೊಂಡು ಒಳಗೆ ಹೋದೆ.

ಅಣ್ಣ ಎತ್ತರಕ್ಕೆ ಕಟ್ಟಿದ ಮಂಚದ ಮೇಲೆ ಕೂತಿದ್ದ. ಸುತ್ತ ಊರ ಹಿರಿಯರು. ಗಡ್ಡ ಬೆಳ್ಳಗಾಗಿತ್ತು, ನನಗೆ ಯಾರೂ ಹೇಳಿರಲಿಲ್ಲ. “ಏನ ಬಂದ್ರಿ?” ಅಂದ, ಹುಟ್ಟಿದಾಗಿನಿಂದ ‘ಏ ಫಕ್ಕೀ’ ಅಂತಿದ್ದವನು.

“ನಮ್ಮ ಸೊಸಿನ್ನ ಕರಕೊಂಡ ಹೋಗಾಕ ಬಂದೀನ್ರಿ.”

“ಸೊಸಿ! ಸೊಸಿನ್ನ ಹೆಂಗ ಇಟಗೊಂಡೀರಿ ಅಂತ ಹೇಳಲೇನ? ಮೈ ತುಂಬ ಉಸುಕ ಹಾಕಿ ಕಳಿಸಿದ್ವಿ. ತಿರುವಿನ್ಯಾಗಿಂದು ಬಿಚ್ಚಿಕೊಂಡ್ರಿ, ಕಟ್ಟಿ ಕೆಳಗಿಂದು ಬಿಚ್ಚಿಕೊಂಡ್ರಿ, ಲಾರಿ ತುಂಬಿ ಮಾರಕೊಂಡ್ರಿ. ನಮ್ಮ ಹುಡುಗಿ ಬರೇ ಮೈಲೆ ಬಂದಾಳ.”

ನಾನೇನು ಸುಮ್ಮನಿರುತ್ತೇನೆಯೇ? “ನೀವೇನ ಕಡಿಮಿ ಮಾಡೀರಿ? ಗುಡ್ಡದ ತುಂಬ ನೀಲಗಿರಿ ಹಚ್ಚೀರಿ. ಅವು ಸೆಲಿ ನೀರ ಹುಟ್ಟೂಕಿಂತ ಮೊದಲ ಕುಡದ ಬಿಡ್ತಾವ. ವರ್ಷಾ ವರ್ಷಾ ಹುಡುಗಿನ್ನ ಸಣಕಲ ಮಾಡಿ ಕಳಿಸ್ತೀರಿ. ತವರಾಗ ಅನ್ನ ಹಾಕೂದಿಲ್ಲೇನ್ರಿ?”

ಹಿರಿಯರು ಕೆಮ್ಮಿದರು. ಅಣ್ಣನಿಗೆ ಆವೇಶ ಬಂತು. ಹೊಳೆಗೆ ಯಾರು ಏನೆಂದರು, ಯಾರು ಹೊಲಸು ನೀರು ಬಿಟ್ಟರು, ಹುಡುಗಿ ಬಾಯಿಲ್ಲದವಳು, ಅವಳ ಪರವಾಗಿ ಕೇಳುವವರು ತವರಿನವರಲ್ಲದೆ ಇನ್ಯಾರು ಎಂದು ಎದೆ ಬಡಿದುಕೊಂಡು ಹೇಳಿದ. ಕಣ್ಣಲ್ಲಿ ನೀರು ಕೂಡ ತಂದುಕೊಂಡ. ಅದನ್ನು ನೋಡಿ ನಾನು ಮಂಚದ ಹತ್ತಿರ ಹೋಗಿ ನಿಂತೆ.

“ಅಣ್ಣಾ, ಹೊಳಿ ಮೈಮ್ಯಾಲಿನ ಉಸುಕಿನ ಚಿಂತಿ ಐತಿ ನಿನಗ. ನಾ ಉಂಡೆನೋ ಬಿಟ್ಟೆನೋ ಒಂದ ದಿನಾ ಕೇಳಿದ್ಯಾ? ಆಕಿ ಬರ್ತಾಳಂದ್ರ ಊರಿಗೂರ ಎದ್ದ ನಿಂದ್ರತೈತಿ. ನಾ ಏನ್ ಪಾಪ ಮಾಡಿದ್ನಿ? ಒಡ್ಡ ಕಟ್ಟಾಕ ಬಂದಾಕಿ ನಾನೇನ? ಬ್ಯಾಡ ಅಂದಾಕಿ ನಾನೇನ? ನೀವಿಬ್ರೂ ಮೀಸಿ ತಿರುವಿದ್ರಿ, ನಾ ಹೊಸ್ತಿಲದಾಗ ನಿಂತ ದಾರಿ ನೋಡಿ ನೋಡಿ ಸತ್ನಿ!”

ಬೀಗ್ತಿಯ ಗತ್ತೆಲ್ಲ ಹೋಯಿತು. ಮೂಗು, ಕಣ್ಣು ಎಲ್ಲ ಸುರಿಯುತ್ತಿತ್ತು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡು, “ಆಕಿ ಬರೂದಿಲ್ಲಂದ್ರ ಬ್ಯಾಡ. ನಾನೂ ಹೋಗೂದಿಲ್ಲ. ನನ್ನ ಕರಿಯಾಕ ಬರಾವ್ರ ಬರಲಿ,” ಅಂದು ಪಡಸಾಲೆಯ ಕಟ್ಟೆ ಹತ್ತಿ ಕೂತೆ. ಮೊದಲು ಅವ್ವ ಕೂಡುತ್ತಿದ್ದ ಜಾಗ ಅದು.

ಅತ್ತಿಗೆಯ ಮುಖ ನೋಡಬೇಕಿತ್ತು ನೀವು. ಇದ್ದದ್ದು ಒಬ್ಬಳು, ಈಗ ಇಬ್ಬರು. ಸಂಜೆ ತನಕ ತಡೆದುಕೊಂಡಳು. ಆಮೇಲೆ ರೊಟ್ಟಿ ಬಡಿಸುತ್ತ ಮೆಲ್ಲಗೆ ಕೇಳಿದಳು.

“ಎಷ್ಟ ದಿನಾ ಇರ್ತೀ ತಂಗಿ?”

“ಹೊಳಿ ಎಷ್ಟ ದಿನಾ ಇರ್ತಾಳ, ಅಷ್ಟ ದಿನಾ.”

“ಇರವ್ವಾ ಇರು, ನಿನ್ನ ಮನಿ,” ಅಂದಳು, ಬಾಗಿಲಾಚೆ ನೋಡುತ್ತ. ನೀರು ಆಗಷ್ಟೇ ಅವಳ ಒರಳು ಕಲ್ಲನ್ನು ಮುಳುಗಿಸಿತ್ತು.

ನಾನು ಇದ್ದೆ. ಹೊತ್ತೇರಿದ ಮೇಲೆ ಎದ್ದೆ, ಮಾಡಿದ್ದನ್ನು ಉಂಡೆ, ಕಟ್ಟೆಯ ಮೇಲೆ ಕೂತು ಹೊಳೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಅವಳಿಗೆ ಗಂಡನ ಮನೆಯ ಸುದ್ದಿ ಹೇಳಿದೆ. ಮೈಕಿನ ಭಾಷಣವನ್ನು ಅವರದೇ ದನಿಯಲ್ಲಿ ಅಣಕಿಸಿ ತೋರಿಸಿದಾಗ ಹೊಳೆ ಒಂದು ಮೆಟ್ಟಿಲು ಉಕ್ಕಿದಳು, ಅತ್ತಿಗೆಯ ಕುಂಬಳಬಳ್ಳಿ ಹೋಯಿತು. ಸಸಿಗಳ ನೆನಪು ಬಂದಾಗ ಮಾತ್ರ ಕಾಲು ಮೇಲೆಳೆದುಕೊಂಡು ಕೆಳಗಿನ ಊರಿನ ದಾರಿ ನೋಡುತ್ತಿದ್ದೆ. ಇಬ್ಬರೂ ಹಟ ಬಿಡಲಿಲ್ಲ.

ಕೊನೆಗೆ ಕೆಳಗಿನ ಊರಿಗೆ ಹೇಳಿಕಳಿಸಿದವಳು ನನ್ನ ಅತ್ತಿಗೆ. ಅಣ್ಣನನ್ನೂ ಕೇಳಲಿಲ್ಲ, ಹಿರಿಯರನ್ನೂ ಕೇಳಲಿಲ್ಲ. ಉಳ್ಳಾಗಡ್ಡಿ ಬೀಜ ತರಲು ಹೋಗುವವನೊಬ್ಬನನ್ನು ಹಿಡಿದು ನಮ್ಮವರಿಗೆ ಮಾತು ಮುಟ್ಟಿಸಿದಳು. “ನಿನ್ನ ಹೇಣ್ತಿ, ನಿಮ್ಮ ಹೊಳಿ, ಇಬ್ರೂ ಇಲ್ಲೇ ಅದಾರ. ಬಂದ ಕರಕೊಂಡ ಹೋಗ. ಮೈಕ ತರಬ್ಯಾಡ.”

ಮರುದಿನ ನಮ್ಮವರು ಬಂದರು. ಹಿಂದೆ ಇಡೀ ಕೆಳಗಿನ ಊರು. ನಮ್ಮವರು ಗಡ್ಡ ಬಿಟ್ಟಿದ್ದರು, ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಓಣಿಯ ನೀರಿನಲ್ಲಿ ನಿಂತು ಅಭ್ಯಾಸಬಲದಿಂದ ಕಿಸೆಗೆ ಕೈ ಹಾಕಿದರು. “ಸನ್ಮಾನ್ಯ...” ಅನ್ನುವಷ್ಟರಲ್ಲಿ ಸಾವಂತ್ರೆವ್ವ ಹಿಂದಿನಿಂದ ಚಿವುಟಿದಳು. ಹಾರಿಬಿದ್ದರು. ಮೈಕು, ಕಾಗದ ಎರಡೂ ಇಲ್ಲದೆ ಅವರು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

“ಅವ್ವಾ, ತಪ್ಪಾತು,” ಅಂದರು ನೀರಿಗೆ. “ಮೈಕ ಕಂಡ್ರ ನನಗ ಬುದ್ಧಿ ನಿಂದ್ರೂದಿಲ್ಲ. ನೀ ಸೇವಾ ಮಾಡಾಕ ಬಂದಾಕಿ ಅಲ್ಲ, ನಮ್ಮ ಮನಿಯಾಕಿ. ಇನ್ನ ಮುಂದ ನಿನ್ನ ಉಸುಕಿಗೆ ಯಾರೂ ಕೈ ಹಚ್ಚೂದಿಲ್ಲ.”

ಹಿಂದೆ ನಿಂತಿದ್ದ ಲಾರಿ ಮಾಲೀಕರಿಬ್ಬರು ಗೊಣಗಿದರು. ಸಾವಂತ್ರೆವ್ವ ಬೆರಳು ಮಡಚಿಕೊಂಡು ಅವರ ಕಡೆ ತಿರುಗಿದ್ದೇ ತಡ, “ಇಲ್ಲಿಲ್ಲ, ಹಚ್ಚೂದಿಲ್ಲ,” ಅಂದರು. ಅಣ್ಣ ಮಂಚದ ಮೇಲಿಂದಲೇ ಮುಖ ಆಚೆ ಮಾಡಿ, “ನೀಲಗಿರಿ ನಾವೂ ಕೀಳ್ತೀವಿ, ಆತಿಲ್ಲೋ,” ಅಂದ. ನೀರು ಒಂದು ಗೇಣು ಇಳಿಯಿತು. ಅಷ್ಟೇ. ಮತ್ತೆ ಅಲುಗಲಿಲ್ಲ.

“ಅಡಿವೆಪ್ಪಾ,” ಅಂತ ಅತ್ತಿಗೆ ಗಾಡಿಯ ಮೇಲಿಂದ ಕೂಗಿದಳು, “ಒಬ್ಬಾಕಿಗೆ ಹೇಳಿದಿ. ಇನ್ನೊಬ್ಬಾಕಿ ಇಲ್ಲಿ ಕುಂತಾಳ.”

ಅವರು ಕಟ್ಟೆಯ ಹತ್ತಿರ ಬಂದರು. ಎರಡೂ ಊರು ನೋಡುತ್ತಿದ್ದವು. ಮದುವೆಯಾದಾಗಿನಿಂದ ನನ್ನನ್ನು ‘ಏ’ ಅಂತ ಕರೆದವರು, ಹೆಸರು ಹಿಡಿದವರಲ್ಲ.

“ಫಕ್ಕೀರವ್ವಾ,” ಅಂದರು. ನಿಂತರು. “ಚಾಪುಡಿ ಡಬ್ಬಿ ಸಿಗವಲ್ದು.”

ಜನ ಗೊಳ್ಳೆಂದರು. “ಒಲಿ ಮ್ಯಾಲಿನ ಗೂಡಿನ್ಯಾಗ ಐತಿ,” ಅಂದೆ, ಮುಖ ತಿರುಗಿಸಿಕೊಂಡು.

“ಸಿಕ್ಕಿತ್ತ. ಸುಳ್ಳ ಹೇಳಿದ್ನಿ. ಚಾ ಮಾಡಿಕೊಂಡ್ನಿ, ಒಬ್ಬಾವ ಕುಂತ ಕುಡಿಯಾಕ ಆಗಲಿಲ್ಲ.” ದನಿ ಸಣ್ಣದಾಯಿತು. “ನಿನ್ನ ತವರ ಬಿಡಿಸಿದಾವ ನಾನು. ಒಡ್ಡಿನ ಸಿಟ್ಟ ನಿನ್ನ ಮ್ಯಾಲ ಹಾಕಿದ್ನಿ. ನನಗ ಗೊತ್ತಿತ್ತ, ಗೊತ್ತಿದ್ದೂ ಸುಮ್ಮನಿದ್ನಿ.”

ನೀರಿನಲ್ಲಿ ದುಡುಂ ಅಂತ ಸದ್ದಾಯಿತು. ಅಣ್ಣ ಮಂಚದಿಂದ ಇಳಿದಿದ್ದ. ಧೋತರ ಎತ್ತಿ ಹಿಡಿದುಕೊಂಡು ನಮ್ಮ ತನಕ ಬಂದು, ನನ್ನ ತಲೆಯ ಮೇಲೆ ಕೈ ಇಟ್ಟ. “ಅದರಾಗ ಅರ್ಧ ನಂದೂ ಐತಿ ಫಕ್ಕೀ,” ಅಂದ.

ಆಗ ಹೊಳೆ ಹೊರಟಳು. ಓಣಿಗಳಿಂದ, ಶಾಲೆಯಿಂದ, ಅಂಗಳಗಳಿಂದ ನೀರು ಸರಸರನೆ ಕೂಡಿಕೊಂಡು ಇಳಿಯಿತು. ಮೇಲಿನ ಊರೆಲ್ಲ ಒಮ್ಮೆಲೆ ಉಸಿರು ಬಿಟ್ಟಿತು. ಅದು ಬೀಗರಿಗೆ ಕೇಳಿಸಬಾರದೆಂದು ಹೆಂಗಸರು ಜೋರಾಗಿ ಅಳಲು ಹತ್ತಿದರು. ಅತ್ತಿಗೆಯಂತೂ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಉಡಿ ತುಂಬಿ ಮುಗಿಸಿದಳು.

ಆದರೆ ಊರ ಅಗಸಿ ಬಾಗಿಲು ದಾಟಿದ ಕೂಡಲೇ ಹೊಳೆ ನಿಂತಳು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ.

“ಈಗ್ಯಾಕ ನಿಂತಳ?” ಅಂದರು ನಮ್ಮವರು ಗಾಬರಿಯಿಂದ.

“ಜೋಡಿ ಬೇಕಲ್ಲಪಾ. ಇಕಿ ಬರಲಿ ಅಂತ ನಿಂತಾಳ,” ಅಂದಳು ಸಾವಂತ್ರೆವ್ವ.

ಎರಡೂ ಊರಿನವರು ನನ್ನ ಕಡೆ ತಿರುಗಿದರು. ನಾನು ಎದ್ದೆ. ಸೀರೆಯ ನೆರಿಗೆ ಸರಿಮಾಡಿಕೊಂಡೆ. ಅಂಗಳದ ಬೇವಿನ ಮರ ನೋಡಿದೆ. ಪಂಚಮಿಗೆ ಅಣ್ಣ ನನಗೆ ಜೋಕಾಲಿ ಕಟ್ಟುತ್ತಿದ್ದ ಟೊಂಗೆ ಈಗ ದಪ್ಪವಾಗಿತ್ತು.

“ಅಣ್ಣಾ, ಜೋಕಾಲಿ ಕಟ್ಟು.”

“ಹಬ್ಬ ಮುಗದ ಎಷ್ಟ ದಿನಾ ಆತವ್ವ! ಹೊಳಿ ಕಾಯಾಕತ್ತಾಳ, ಊರಿಗೂರ ಕಾಯಾಕತ್ತೈತಿ.”

“ಕಾಯಲಿ,” ಅಂದೆ.

ಅಣ್ಣ ಗಾಡಿಯ ಹಗ್ಗ ಬಿಚ್ಚಿ ತಂದ. ಅತ್ತಿಗೆ ಒಲೆಯ ಪಕ್ಕಕ್ಕಿಟ್ಟಿದ್ದ ಹಲಗೆ ಕೊಟ್ಟಳು. ನಾನು ಹತ್ತಿ ನಿಂತೆ. ಅಣ್ಣ ಈ ಕಡೆ ನಿಂತ. “ನೀವ ಆ ಕಡೆ ನಿಂದರ್ರಿ,” ಅಂತ ನಮ್ಮವರಿಗೆ ಹೇಳಿದೆ. ಒಡ್ಡಿನ ಜಗಳದ ದಿನದಿಂದ ಒಬ್ಬರ ಮುಖ ಒಬ್ಬರು ನೋಡದವರು. ಮೊದಲ ಸಲ ಇಬ್ಬರೂ ಒಟ್ಟಿಗೇ ತಳ್ಳಿದರು, ಹಲಗೆ ಗಿರ್ರನೆ ತಿರುಗಿ ನಾನು ಬೇವಿನ ಬೊಡ್ಡೆಗೆ ಬಡಿಯುವುದರಲ್ಲಿದ್ದೆ. ಎರಡನೆಯ ಸಲ ಇಬ್ಬರೂ ಸುಮ್ಮನೆ ನಿಂತರು. ಕೊನೆಗೆ ನಮ್ಮವರೇ ಕೆಮ್ಮಿ, “ಭಾವಾ, ಮೊದಲ ನೀವ ಬಿಡ್ರಿ, ಆಮ್ಯಾಲ ನಾ,” ಅಂದರು. ಅಣ್ಣ, “ಹೂಂ, ನಾ ಹೇಳ್ತೀನಿ ತಡಿ... ಈಗ!” ಅಂದ.

ಜೋಕಾಲಿ ಏರಿತು. ಮೇಲೆ ಹೋದಾಗ ಮಾಳಿಗೆಗಳಾಚೆ ಅಗಸಿಯ ಹೊರಗೆ ನಿಂತ ಹೊಳೆ ಕಾಣುತ್ತಿದ್ದಳು, ಅವಳಾಚೆ ದೂರದಲ್ಲಿ ನಮ್ಮೂರಿನ ಒಣ ಹೊಲಗಳು. ಸಸಿಗಳು ಕಾಯುತ್ತಿವೆಯೆಂದು ನನಗೆ ಗೊತ್ತಿತ್ತು. ಒಂದು ಜೋಕಾಲಿಯ ಹೊತ್ತಿಗೆ ಯಾವ ಸಸಿಯೂ ಸಾಯುವುದಿಲ್ಲ. ಗಾಳಿಗೆ ತುರುಬು ಬಿಚ್ಚಿತು, ನಾನು ಕಟ್ಟಿಕೊಳ್ಳಲಿಲ್ಲ.

“ಸಾಕೇನ?” ಅಂತ ಕೆಳಗಿನಿಂದ ಇಬ್ಬರೂ ಒಟ್ಟಿಗೇ ಕೇಳಿದರು.

“ಇನ್ನೂ ಮ್ಯಾಲ ಹೋಗಬೇಕ,” ಅಂದೆ.